ದಾಖಲೆ ಸಿಕ್ಕಿಲ್ಲ

ಫೆಬ್ರವರಿ 9

ನನ್ನ ಇರುವೆಗೆ,

ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ಬರೆಯಲು ಈ ಮನೆಯಲ್ಲಿ ಒಂದು ಮೂಲೆ ಸಿಗಬೇಕಲ್ಲ! ಮುಂದಿನ ಕೋಣೆಯಲ್ಲಿ ಬೆಳಗಿನಿಂದ ಜನ. ಒಬ್ಬರಿಗೆ ವರ್ಗ ಬೇಕು, ಇನ್ನೊಬ್ಬರಿಗೆ ಆಗಿರುವ ವರ್ಗ ಬೇಡ. ಫೋನು ಇರುವುದೂ ಅಲ್ಲೇ, ಅವರೆಲ್ಲರ ಮಧ್ಯೆ. ನಾನು ನಿನ್ನೊಡನೆ ಮಾತಾಡಿದರೆ ಊರಿಗೇ ಸಾರಿದ ಹಾಗೆ. ಅದಕ್ಕೇ ಸಾಮಾನು ಕೋಣೆಗೆ ಬಂದು, ಹಳೆಯ ಹೊಲಿಗೆ ಯಂತ್ರದ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಶಾಸಕರ ಹೆಂಡತಿಯ ಕಚೇರಿ ಇದು ಕಣೇ, ನಗಬೇಡ.

ಹೆರಿಗೆ ಆಸ್ಪತ್ರೆಯ ಮಸೂದೆ ಮುಂದಿನ ವಾರ ಸಭೆಗೆ ಬರುತ್ತದಂತೆ. ಸಣ್ಣ ಊರಿನ ಆಸ್ಪತ್ರೆಗಳನ್ನೆಲ್ಲ ದೊಡ್ಡ ಊರಿನದಕ್ಕೆ ‘ಸೇರಿಸುತ್ತಾರಂತೆ’. ಸೇರಿಸುವುದು ಎಂದರೆ ಇಲ್ಲಿ ಬೀಗ ಜಡಿಯುವುದು, ಅಷ್ಟೇ. ನೋವು ಶುರುವಾದವಳು ಬಸ್ಸಿಗೆ ಕಾದು, ಎರಡು ತಾಸು ಕುಲುಕಾಡಿಕೊಂಡು ಹೋಗಬೇಕು. ನನ್ನ ಎರಡು ಮಕ್ಕಳೂ ಇಲ್ಲೇ ಹುಟ್ಟಿದವು. ನೀನೂ ಇಲ್ಲೇ ಹುಟ್ಟಿದ್ದು. ನಿನ್ನನ್ನು ಮೊದಲು ಎತ್ತಿಕೊಂಡವಳು ಅಮ್ಮನೂ ಅಲ್ಲ, ನಾನು.

ನಮ್ಮ ಮಹಿಳಾ ಸಂಘದ ಹೆಂಗಸರೆಲ್ಲ ಮೊನ್ನೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಸೇರಿದ್ದರು. ದೊಡ್ಡ ಸಿಸ್ಟರ್ ಕೂಡ ಬಂದಿದ್ದರು. ನೆನಪಿದೆಯಲ್ಲ, ಆ ಎತ್ತರದ, ಗಂಟು ಮುಖದ ನರ್ಸು? “ಅಧ್ಯಕ್ಷರೇ, ನಿಮ್ಮ ಯಜಮಾನ್ರು ಏನ್ಮಾಡ್ತಾರೆ, ಖಾತ್ರಿ ಇದೆಯಾ?” ಎಂದು ಎಲ್ಲರ ಎದುರಿಗೆ ಕೇಳಿದರು. ನನಗೆ ರೇಗಿತು. “ಅವರು ಈ ಮಸೂದೆಗೆ ವಿರುದ್ಧ ಎದ್ದು ನಿಲ್ಲದಿದ್ರೆ ನನ್ನ ಹೆಸರು ಬದಲಾಯಿಸಿ ಕರೀರಿ” ಎಂದೆ. ಎಲ್ಲರೂ ನಕ್ಕರು. ಹೊಲಿಗೆಯಾಕೆ ಆಗಲೇ ಎರಡು ಹೊಸ ಹೆಸರು ಹುಡುಕಿಟ್ಟಳು.

ಅವರನ್ನು ಕೇಳಿಯೇ ಮಾತು ಕೊಟ್ಟಿದ್ದೇನೆ, ಹೆದರಬೇಡ. “ನಾನೇನು ಊರಿನ ಹೊಟ್ಟೆ ಮೇಲೆ ಹೊಡೀತೀನಾ?” ಎಂದರು.

ಯಾವ ಶಾಸಕರು ಯಾವ ಕಡೆ ನಿಂತರು ಎಂದು ನೀವು ಅಚ್ಚು ಹಾಕಿಸುವ ಹಾಳೆಯಲ್ಲಿ ಅವರ ಹೆಸರಿನ ಮುಂದೆ ‘ವಿರುದ್ಧ’ ಎಂದು ದಪ್ಪಕ್ಷರದಲ್ಲಿ ಹಾಕಿಸು. ಗ್ರಂಥಾಲಯದ ಗೋಡೆಗೆ ಬಂದಾಗ ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಸರಿಯಾಗಿ ಊಟ ಮಾಡು.

ಅಕ್ಕ


ಫೆಬ್ರವರಿ 22

ಅಕ್ಕನಿಗೆ,

ದಪ್ಪಕ್ಷರ ನಾವು ಯಾರಿಗೂ ಹಾಕುವುದಿಲ್ಲ, ಮುಖ್ಯಮಂತ್ರಿಗೂ ಇಲ್ಲ. ನಮ್ಮ ಹಿರಿಯರು, ಈ ಕಚೇರಿ ನಡೆಸುವ ನಿವೃತ್ತ ಉಪನ್ಯಾಸಕಿ, ಅದರಲ್ಲಿ ಬಹಳ ಕಟ್ಟುನಿಟ್ಟು. ‘ಹೌದು–ಇಲ್ಲ’ ಎನ್ನುವುದು ನಮ್ಮ ಹಾಳೆಯ ಹೆಸರು ಮಾತ್ರವಲ್ಲ, ಅದರ ಬಾಯಿಯೂ ಅಷ್ಟೇ ಎನ್ನುತ್ತಾರೆ. ಮೂರನೆಯ ಮಾತಿಲ್ಲ.

ನನ್ನ ಕೆಲಸ ಏನೆಂದು ನೀನು ಎಂದೂ ಸರಿಯಾಗಿ ಕೇಳಿಲ್ಲ, ನಾನೂ ಹೇಳಿಲ್ಲ. ಶಾಸನಸಭೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು, ಅಲ್ಲಿ ನಡೆದ ಮಾತೆಲ್ಲ ಅಚ್ಚಾದ ಪುಟಗಳನ್ನು ತಿರುವುವುದು. ಬಹಳಷ್ಟು ಮಸೂದೆಗಳಿಗೆ ಯಾರು ಯಾವ ಕಡೆ ಎಂದು ಹೆಸರೇ ಬರೆದಿರುವುದಿಲ್ಲ. ಸಭಾಧ್ಯಕ್ಷರು “ಪರ ಇರೋರು ಹೌದು ಅನ್ನಿ” ಎನ್ನುತ್ತಾರೆ, ಒಂದು ಗದ್ದಲ. “ವಿರುದ್ಧ ಇರೋರು ಇಲ್ಲ ಅನ್ನಿ” ಎನ್ನುತ್ತಾರೆ, ಇನ್ನೊಂದು ಗದ್ದಲ. ಯಾವ ಸದ್ದು ದೊಡ್ಡದೋ ಅದೇ ಕಾನೂನು. ಯಾರ ಗಂಟಲು ಏನು ಕೂಗಿತೋ ದೇವರಿಗೇ ಗೊತ್ತು. ಯಾರಾದರೂ ಪಟ್ಟು ಹಿಡಿದು ‘ಎಣಿಸಿ’ ಎಂದರೆ ಮಾತ್ರ ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ ಹೆಸರು ಬರೆದುಕೊಳ್ಳುತ್ತಾರೆ. ಆ ಹೆಸರುಗಳನ್ನು ನಾನು ನಮ್ಮ ಹಾಳೆಗೆ ಇಳಿಸುತ್ತೇನೆ. ಪುಟ ಹರಿದಿದ್ದರೆ, ಅಕ್ಷರ ಓದಲಾಗದಿದ್ದರೆ, ‘ದಾಖಲೆ ಸಿಕ್ಕಿಲ್ಲ’ ಎಂದು ಬರೆಯುತ್ತೇವೆ.

ಆಸ್ಪತ್ರೆಯ ಮಸೂದೆ ಪಾಸಾದದ್ದು ನಿನಗೆ ಪತ್ರಿಕೆಯಿಂದ ಗೊತ್ತಾಗಿರಬೇಕು. ಅದಕ್ಕೆ ಎಣಿಕೆ ಆಯಿತು. ಪುಟಗಳು ಬಂದಿವೆ. ಅಚ್ಚು ಅಷ್ಟು ಚೆನ್ನಾಗಿಲ್ಲ, ಅಲ್ಲಲ್ಲಿ ಮಸಿ ಹರಡಿದೆ. ನೋಡುತ್ತಿದ್ದೇನೆ.

ಭಾವ ಮನೆಗೆ ಬಂದ ಮೇಲೆ ಏನಂದರು? ಸುಮ್ಮನೆ ಕೇಳಿದೆ.

ಇಲ್ಲಿ ಚಳಿ ಬಿಟ್ಟಿಲ್ಲ. ನೆಲಮಾಳಿಗೆಯಲ್ಲಿ ಕೈ ಮರಗಟ್ಟುತ್ತದೆ, ಅದಕ್ಕೇ ಅಕ್ಷರ ಹೀಗೆ.

ಇರುವೆ


ಮಾರ್ಚ್ 10

ಇರುವೆ,

ಬದುಕಿಸಿದೆ ಕಣೇ!

ಮಸೂದೆ ಪಾಸಾದ ಸುದ್ದಿ ಬಂದಾಗಿನಿಂದ ಊರಿನಲ್ಲಿ ಗುಸುಗುಸು. ಬೇಕರಿಯಲ್ಲಿ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಹೋದ ಭಾನುವಾರ ಸಂಘದ ಸಭೆ ಕರೆದೆ. ಬಾಗಿಲ ಹತ್ತಿರ ನಿಂತಿದ್ದ ದೊಡ್ಡ ಸಿಸ್ಟರ್, ನಾನು ಮಾತು ಶುರು ಮಾಡುವ ಮೊದಲೇ ಬಾಯಿ ಹಾಕಿದರು: “ನಾನು ರಜೆ ಹಾಕಿ ಹೋಗಿದ್ದೆ. ಗ್ಯಾಲರಿಯಲ್ಲಿ ಕೂತು ಕಣ್ಣಾರೆ ನೋಡಿದೆ. ನಿಮ್ಮ ಯಜಮಾನ್ರು ಪರ ಇದ್ದೋರ ಜೊತೆ ಎದ್ದು ನಿಂತ್ರು.”

ಎಲ್ಲರ ಮುಖವೂ ನನ್ನ ಕಡೆ ತಿರುಗಿತು.

ನಿಮ್ಮ ಹಾಳೆ ಹಿಂದಿನ ದಿನವಷ್ಟೇ ಬಂದಿತ್ತು. ಚೀಲದಿಂದ ತೆಗೆದು ಎತ್ತಿ ಹಿಡಿದೆ. “ಓದಿ ಸಿಸ್ಟರ್, ಕನ್ನಡಕ ಬೇಕಾ? ಪರ ಅಂತ ಎಲ್ಲಿದೆ? ದಾಖಲೆ ಸಿಕ್ಕಿಲ್ಲ ಅಂತಿದೆ. ಪುಸ್ತಕ ಇಟ್ಟುಕೊಂಡು ಓದೋರಿಗೇ ಸಿಗದೇ ಇದ್ದದ್ದು ನಿಮಗೆ ಮೇಲೆ ಎಲ್ಲೋ ಕೂತಿದ್ದೋರಿಗೆ ಸಿಕ್ತಾ?” ಎಂದೆ. ಯಾರೋ ಕಿಸಕ್ಕೆಂದು ನಕ್ಕರು. ನಾನು ಅಷ್ಟಕ್ಕೆ ಬಿಡಬೇಕಿತ್ತೋ ಏನೋ. “ಇವರಿಗೆ ಹೆಡ್ ನರ್ಸ್ ಕೆಲಸ ಕೊಡಿಸಲಿಲ್ಲ ಅಂತ ನಮ್ಮ ಮನೆಯವರ ಮೇಲೆ ಮೊದಲಿಂದ್ಲೂ ಹಗೆ” ಎಂದೂ ಅಂದುಬಿಟ್ಟೆ. ಅದು ಪೂರ್ತಿ ಸುಳ್ಳೂ ಅಲ್ಲ.

ಆಕೆ ಛತ್ರಿ ತೆಗೆದುಕೊಂಡು ಹೊರಟುಹೋದರು. ಈಗ ಬೇಕರಿಯಲ್ಲಿ ಮಾತು ನಿಲ್ಲುವುದು ಆಕೆ ಬಂದಾಗ.

ನಿಮ್ಮ ಭಾವ ಏನಂದರು ಎಂದು ಕೇಳಿದ್ದೆಯಲ್ಲ. “ಮನಸ್ಸಿಗೆ ಸರಿ ಕಂಡದ್ದು ಮಾಡಿದೆ” ಎಂದರು. ಅಷ್ಟು ಸಾಕಲ್ಲ?

ಅಕ್ಕ


ಮಾರ್ಚ್ 18

ಅಕ್ಕಾ,

ದೊಡ್ಡ ಸಿಸ್ಟರ್‌ಗೆ ಅಷ್ಟು ಅನ್ನಬಾರದಿತ್ತು. ‘ದಾಖಲೆ ಸಿಕ್ಕಿಲ್ಲ’ ಎಂದರೆ ವಿರುದ್ಧ ಎಂದಲ್ಲ. ಸಿಕ್ಕಿಲ್ಲ ಎಂದಷ್ಟೇ. ಆ ಹಾಳೆಯನ್ನು ಇನ್ನು ಎಲ್ಲಿಯೂ ಎತ್ತಿ ತೋರಿಸಬೇಡ, ದಯವಿಟ್ಟು.

ಆಕೆ ಹೇಗಿದ್ದಾರೆ? ಆಕೆಯ ತಾಯಿ ಹಾಸಿಗೆ ಹಿಡಿದಿದ್ದರಲ್ಲ, ಇದ್ದಾರೆಯೇ?

ಕೆಲಸ ಬಹಳ ಇದೆ. ಇಷ್ಟೇ.

ಇರುವೆ


ಮಾರ್ಚ್ 29

ಇರುವೆ,

ಎಷ್ಟು ಮೊಟಕು ಕಾಗದ! ಅಂಚೆಯವನು ಖಾಲಿ ಲಕೋಟೆ ತಂದ ಎಂದುಕೊಂಡೆ. ಬೈಯುವುದಾದರೆ ಬಿಡಿಸಿ ಬೈ, ಹೀಗೆ ಚಿವುಟಬೇಡ.

ದೊಡ್ಡ ಸಿಸ್ಟರ್‌ಗೆ ವರ್ಗವಾಗಿದೆ, ಗಡಿಯ ಕಡೆ ಯಾವುದೋ ಊರಿಗೆ. ಆಸ್ಪತ್ರೆಗೆ ಬೀಗ ಬಿದ್ದ ಮೇಲೆ ಎಲ್ಲರನ್ನೂ ಅಲ್ಲಿ ಇಲ್ಲಿ ಹಾಕುತ್ತಿದ್ದಾರೆ, ಆಕೆಯನ್ನೂ ಹಾಕಿದ್ದಾರೆ. ಅದಕ್ಕೂ ನಮಗೂ ಸಂಬಂಧವಿಲ್ಲ. ತಾಯಿಯನ್ನು ಹಾಸಿಗೆಯ ಸಮೇತ ವ್ಯಾನಿನ ಹಿಂದೆ ಮಲಗಿಸಿಕೊಂಡು ಹೋದರಂತೆ. ನಾನು ನೋಡಲಿಲ್ಲ, ಹೊಲಿಗೆಯಾಕೆ ಹೇಳಿದಳು.

ಮುಂದಿನ ವಾರ ಸಭೆ ಶುರುವಲ್ಲವೇ, ನಿಮ್ಮ ಭಾವ ಅಲ್ಲಿಗೆ ಬರುತ್ತಿದ್ದಾರೆ. ನಿನಗೊಂದು ಉಣ್ಣೆಯ ಸ್ವೆಟರ್ ಕಳಿಸುತ್ತಿದ್ದೇನೆ. ತೋಳು ಸ್ವಲ್ಪ ಉದ್ದವಾಗಿದೆ, ಬೆರಳವರೆಗೂ ಎಳೆದುಕೋ. ಅವರ ಹತ್ತಿರ ಆ ಮಸೂದೆಯ ಮಾತು ಎತ್ತಬೇಡ. ತುಂಬಾ ದಣಿದಿದ್ದಾರೆ.

ಅಕ್ಕ


ಏಪ್ರಿಲ್ 7

ಅಕ್ಕಾ,

ಇದನ್ನು ಸಾಮಾನು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಓದು.

ಭಾವ ಮೊನ್ನೆ ಮಧ್ಯಾಹ್ನ ನಮ್ಮ ಕಚೇರಿಗೆ ಬಂದಿದ್ದರು. ಹಿರಿಯರು ಊಟಕ್ಕೆ ಹೋಗಿದ್ದರು. ನನ್ನ ಎದುರಿನ ಕುರ್ಚಿಯ ಮೇಲಿದ್ದ ಕಾಗದದ ಕಟ್ಟು ತೆಗೆದಿಟ್ಟು ಕೂತರು. ಸ್ವೆಟರ್ ಕೊಟ್ಟರು. ಮಕ್ಕಳ ಓದು ಹೇಳಿದರು, ನಿನ್ನ ಮಂಡಿನೋವು ಹೇಳಿದರು. ಟೀ ತರಿಸಿದೆ, ಕುಡಿಯಲಿಲ್ಲ, ಆರಿ ಕೆನೆ ಕಟ್ಟಿತು. ಎದ್ದು ನಿಂತ ಮೇಲೆ ಬಾಗಿಲ ಕಡೆ ನೋಡುತ್ತಾ ಹೇಳಿದರು: “ಆ ಒಂದು ಸಾಲು ನೋಡಿಕೊಂಡಿದ್ದೀಯ. ನನಗೆ ಗೊತ್ತು. ನೀನು ಹೊರಗಿನವಳ ಥರ ಮಾಡಲಿಲ್ಲ, ಮನೆ ಮಗಳ ಥರ ಮಾಡಿದೆ. ಮರೆಯಲ್ಲ.”

ನನ್ನ ತಲೆಯ ಮೇಲೆ ಕೈ ಇಟ್ಟರು. ಶಾಲೆಯಲ್ಲಿ ಮೊದಲ ಬಹುಮಾನ ಬಂದಾಗ ಇಟ್ಟಿದ್ದ ಹಾಗೆಯೇ.

ಅಕ್ಕಾ, ಪುಟ ಹರಿದಿರಲಿಲ್ಲ. ಮಸಿ ಹರಡಿರಲಿಲ್ಲ. ಭಾವನ ಹೆಸರು ಪರ ಇದ್ದವರ ಸಾಲಿನಲ್ಲಿ ಸ್ಪಷ್ಟವಾಗಿ ಇತ್ತು. ನಾನು ಬೆರಳಿಟ್ಟು ಓದಿದೆ, ಪುಸ್ತಕ ಮುಚ್ಚಿದೆ, ಮತ್ತೆ ತೆಗೆದು ಓದಿದೆ. ಅಮ್ಮ ಹೋದ ಮೇಲೆ ನನಗೆ ಅನ್ನ ಹಾಕಿ ಓದಿಸಿದ ಮನೆ ಅದು. ನೀನು ಮೆಟ್ಟಿಲ ಮೇಲೆ ಕೊಟ್ಟ ಮಾತು ನನ್ನ ಕಿವಿಯಲ್ಲಿತ್ತು. ಒಂದು ತಿಂಗಳು ಹೋಗಲಿ, ಅಷ್ಟರಲ್ಲಿ ಭಾವನೇ ನಿನಗೆ ಹೇಳಲಿ ಎಂದುಕೊಂಡು ‘ದಾಖಲೆ ಸಿಕ್ಕಿಲ್ಲ’ ಎಂದು ಬರೆದೆ. ಅದನ್ನು ನೀನು ಹೀಗೆ ಬಾವುಟದ ಹಾಗೆ ಎತ್ತಿ ಹಿಡಿಯುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ. ನೀನು ಏನೂ ಗೊತ್ತಿಲ್ಲದೆ, ನನ್ನನ್ನು ನಂಬಿ, ಒಬ್ಬ ನಿಜ ಹೇಳಿದ ಹೆಂಗಸಿನ ಬಾಯಿ ಮುಚ್ಚಿಸಿದೆ. ತಪ್ಪು ನಿನ್ನದಲ್ಲ. ಆಕೆಯ ಬಾಯಿಗೆ ಬಟ್ಟೆ ತುರುಕಿದ್ದು ನನ್ನ ಕೈ.

ಆದರೂ ಸುಮ್ಮನಿದ್ದೆ ನೋಡು, ನಿನ್ನ ಎರಡು ಕಾಗದ ಬಂದ ಮೇಲೂ. ಭಾವ ಬೈದಿದ್ದರೆ ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಅವರು ಉಪಕಾರ ಹೊತ್ತವರ ಹಾಗೆ ಮಾತಾಡಿದರು. ಅವರು ಹೋದ ಮೇಲೆ ತಲೆ ತೊಳೆದುಕೊಳ್ಳಬೇಕು ಅನ್ನಿಸಿತು.

ಮುಂದಿನ ಹಾಳೆಯಲ್ಲಿ ತಿದ್ದುಪಡಿ ಹಾಕುತ್ತೇನೆ. ನಿನಗೆ ಮೊದಲೇ ತಿಳಿಸಬೇಕಿತ್ತು, ತಿಳಿಸಿದೆ.

ಇರುವೆ


ಏಪ್ರಿಲ್ 14

ನಿನಗೆ,

ತಿದ್ದುಪಡಿ ಹಾಕಬೇಡ.

ಹಾಕಿದರೆ ಈ ಮನೆಗೆ ಕಾಗದ ಬರೆಯಬೇಡ. ನಾನು ಈ ಊರಿನಲ್ಲಿ ಇರಬೇಕಾದವಳು. ನೀನು ನೆಲಮಾಳಿಗೆಯಲ್ಲಿ ಕೂತು ಒಂದು ಸಾಲು ತಿದ್ದುತ್ತೀಯ, ನಾನು ಬೀದಿಯಲ್ಲಿ ನಡೆಯಬೇಕು. ನಿನ್ನ ಮನಸ್ಸು ಹಗುರ ಮಾಡಿಕೊಳ್ಳಲು ನನ್ನ ತಲೆಯೇ ಬೇಕಾಯಿತೇ? ಎತ್ತಿ ಆಡಿಸಿದವರ ಮುಖಕ್ಕೆ ಮಸಿ ಬಳಿಯುವುದಕ್ಕೇ ನಿನ್ನನ್ನು ಓದಿಸಿದ್ದೇ?

ಸ್ವೆಟರ್ ಬೇಡವಾದರೆ ಯಾರಿಗಾದರೂ ಕೊಟ್ಟುಬಿಡು.


ಮೇ 4

ಅಕ್ಕಾ,

ಬರೆಯಬೇಡ ಎಂದಿದ್ದೆ. ಇದೊಂದು ಬರೆಯುತ್ತೇನೆ.

ತಿದ್ದುಪಡಿ ಅಚ್ಚಾಗಿದೆ, ಹಾಳೆ ಇದರ ಜೊತೆಗಿದೆ. ನಿನ್ನೂರಿನ ಗ್ರಂಥಾಲಯಕ್ಕೆ ಹೋಗುವ ಮೊದಲು ನಿನ್ನ ಕೈಗೆ ಸಿಗಲಿ ಎಂದು ಬೇರೆಯಾಗಿ ಕಳಿಸುತ್ತಿದ್ದೇನೆ. ಒಂದೇ ಸಾಲು. ‘ಹಿಂದಿನ ಸಂಚಿಕೆಯಲ್ಲಿ ದಾಖಲೆ ಸಿಕ್ಕಿಲ್ಲ ಎಂದಿದ್ದುದು ತಪ್ಪು, ಇವರು ಮಸೂದೆಯ ಪರ.’

ಹಿರಿಯರಿಗೆ ಎಲ್ಲ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. “ನಿಮ್ಮ ಭಾವ ಅಂತ ನನಗೆ ಮೊದಲೇ ಹೇಳಿದ್ರೆ ಆ ಪುಟ ನಾನು ನೋಡ್ತಿದ್ದೆ ಮಗಳೇ” ಎಂದರು, ಅಷ್ಟೇ. ಆಮೇಲೆ ಕಪಾಟಿನಿಂದ ನಾನು ಇಲ್ಲಿಗೆ ಬಂದಾಗಿನಿಂದ ಮಾಡಿದ ಹಾಳೆಗಳನ್ನೆಲ್ಲ ಇಳಿಸಿಕೊಂಡು, ಮತ್ತೆ ಮೊದಲಿನಿಂದ ಪುಸ್ತಕಗಳ ಜೊತೆ ತಾಳೆ ನೋಡಲು ಶುರು ಮಾಡಿದರು. ನನ್ನ ಎದುರಿನ ಮೇಜಿನಲ್ಲೇ ಕೂತು ನೋಡುತ್ತಾರೆ. ಒಂದೂ ತಪ್ಪು ಸಿಕ್ಕಿಲ್ಲ. ಸಿಕ್ಕಿಲ್ಲ ಎಂದು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನನಗೆ ಈಗ ಲಕೋಟೆಗೆ ವಿಳಾಸ ಬರೆಯುವ ಕೆಲಸ.

ದೊಡ್ಡ ಸಿಸ್ಟರ್ ಇರುವ ಊರಿಗೆ ಒಂದು ಹಾಳೆ, ಒಂದು ಕಾಗದ ಬೇರೆ ಬೇರೆ ಲಕೋಟೆಯಲ್ಲಿ ಕಳಿಸಿದೆ. ಕಾಗದ ಒಡೆಯದೆ ವಾಪಸು ಬಂತು. ಹಾಳೆ ಇಟ್ಟುಕೊಂಡಿದ್ದಾರೆ.

ನೀನು ಬೈದದ್ದು ಸರಿ. ನನ್ನ ಸುಳ್ಳಿನ ಬೆಲೆ ನೀನು ತೆರಬೇಕಾಗಿದೆ. ನಿನಗೆ ಗೊತ್ತಿಲ್ಲದೇ ಆದದ್ದಕ್ಕೆ ಊರಿನವರು ನಿನ್ನನ್ನು ಅನ್ನದಿರಲಿ.

ಇರುವೆ


ಜೂನ್ 2

ಇರುವೆ,

ನಿನ್ನ ಕೊನೆಯ ಮಾತು ನನ್ನನ್ನು ಕೂರಲು ಬಿಡಲಿಲ್ಲ. ‘ಗೊತ್ತಿಲ್ಲದೇ ಆದದ್ದು’ ಎಂದು ಎರಡು ಕಾಗದದಲ್ಲಿ ಬರೆದಿದ್ದೀಯ.

ನನಗೆ ಗೊತ್ತಿತ್ತು.

ಮಸೂದೆ ಪಾಸಾಗಿ ಅವರು ಮನೆಗೆ ಬಂದಾಗ ಚಪ್ಪಲಿ ಬಿಡುತ್ತಲೇ “ಪಕ್ಷದ ಆಜ್ಞೆ ಇತ್ತು ಕಣೇ. ವಿರುದ್ಧ ಎದ್ದಿದ್ರೆ ಮುಂದಿನ ಸಲ ಟಿಕೆಟ್ ಇಲ್ಲ” ಎಂದರು. ನನಗೆ ಹೇಳಲು ಅವರು ಹೆದರಲಿಲ್ಲ. ಹೆದರುತ್ತಾರೆ ಎಂದು ನೀನಂದುಕೊಂಡೆ. ಆಮೇಲೆ ನಿಮ್ಮ ಹಾಳೆ ಬಂತು. ಎಲ್ಲರ ಹೆಸರಿನ ಮುಂದೆಯೂ ಗುರುತಿದೆ, ಅವರೊಬ್ಬರದು ಸಿಕ್ಕಿಲ್ಲ. ಕಳೆದ ಗುಂಡಿ ಸಿಗುವ ತನಕ ಮಂಚ ಎತ್ತಿ ಹುಡುಕುವವಳು ನೀನು, ನಿನಗೆ ಸಿಗಲಿಲ್ಲವಂತೆ! ನನಗೋಸ್ಕರ ಬಿಟ್ಟಿದ್ದೀಯ ಎಂದು ಆಗಲೇ ಅರ್ಥವಾಯಿತು. ಸಭೆಗೆ ಹೋಗುವ ಮೊದಲು ಆ ಹಾಳೆಯನ್ನು ಬೇಕೆಂದೇ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ದೊಡ್ಡ ಸಿಸ್ಟರ್ ನಿಜ ಹೇಳುತ್ತಿದ್ದಾರೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರೇ. ಇನ್ನೊಬ್ಬಳು ನಾನು.

ವರ್ಗದ ವಿಷಯವೂ ಹಾಗೇ. ಅವರ ಸಹಾಯಕನ ಹತ್ತಿರ “ಆಕೆ ಇಲ್ಲಿದ್ರೆ ನನಗೆ ತಲೆ ಎತ್ತಿ ತಿರುಗೋಕಾಗಲ್ಲ” ಎಂದೆ. ಅಷ್ಟೇ ಅಂದದ್ದು. ಅವನು ಮುಂದಿನ ಕೋಣೆಗೆ ಹೋಗಿ ಫೋನು ಎತ್ತಿದ. ಅದು ಕೇಳಿಸಿತು, ನಾನು ತಡೆಯಲಿಲ್ಲ.

ನಿನ್ನ ತಿದ್ದುಪಡಿ ಬಂದ ಮೇಲೆ ಹದಿನೈದು ದಿನ ಮನೆ ಬಿಟ್ಟು ಹೊರಬೀಳಲಿಲ್ಲ. ಆಮೇಲೆ ಬಸ್ಸು ಹತ್ತಿ ಆಕೆಯ ಊರಿಗೆ ಹೋದೆ. ಸಣ್ಣ ಆಸ್ಪತ್ರೆ, ಮೊಳೆ ಸಡಿಲವಾದ ಬೆಂಚು. ಚೀಟಿ ಬರೆಯುವವಳು “ಏನು ಕಾಯಿಲೆ?” ಎಂದಳು. ಏನೂ ಇಲ್ಲ, ಸಿಸ್ಟರ್‌ನ ನೋಡಬೇಕು ಎಂದೆ. ರೋಗಿಗಳೆಲ್ಲ ಮುಗಿಯುವ ತನಕ ಕೂರಿಸಿದರು. ಬಂದರು, ನಿಂತೇ ಇದ್ದರು. ಕೈ ಒರೆಸಿಕೊಳ್ಳುತ್ತಿದ್ದರು.

“ಅಮ್ಮ ಹೇಗಿದ್ದಾರೆ?” ಎಂದೆ.

“ದಾರಿಯಲ್ಲಿ ಬೆನ್ನಿಗೆ ಹುಣ್ಣಾಯ್ತು. ಈಗ ಪರವಾಗಿಲ್ಲ.”

“ಸಿಸ್ಟರ್, ನನ್ನಿಂದ ತಪ್ಪಾಯ್ತು. ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅಂದೆ.”

ಆಕೆ ನನ್ನನ್ನು ಒಂದು ಸಲ ನೋಡಿದರು. “ಅನ್ನೋವಾಗ ಊರೇ ಸೇರಿತ್ತು. ತಪ್ಪಾಯ್ತು ಅನ್ನೋಕೆ ಇಷ್ಟು ದೂರ, ಒಬ್ಬಳೇ ಇರೋ ಹತ್ರ ಬಂದಿದ್ದೀರಾ? ಎಲ್ಲಿ ಅಂದ್ರೋ ಅಲ್ಲೇ ಹೋಗಿ ಹೇಳಿ. ನನಗೆ ಕೇಳಿಸದೇ ಇದ್ರೂ ಪರವಾಗಿಲ್ಲ.” ಒಳಗೆ ಹೋದರು. ಬಾಗಿಲು ಜೋರಾಗಿ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿರುತ್ತಿತ್ತು.

ಹೋದ ಭಾನುವಾರ ಸಂಘ ಸೇರಿಸಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೇ, ಬೀಗದ ಮುಂದೆ. ಹೊಲಿಗೆಯಾಕೆ ಬಸುರಿ ಸೊಸೆಯನ್ನೂ ಕರೆದುಕೊಂಡು ಬಂದಿದ್ದಳು. ನಿಂತುಕೊಂಡು ಎಲ್ಲ ಹೇಳಿದೆ. ಅವರು ಪರ ನಿಂತದ್ದು, ನನಗೆ ಗೊತ್ತಿದ್ದದ್ದು, ಸಿಸ್ಟರ್ ನಿಜ ಹೇಳಿದ್ದು, ವರ್ಗ ಮಾಡಿಸಿದ್ದು. ಹಗೆ ಎಂದು ನಾನು ಕಟ್ಟಿದ ಕಥೆಯನ್ನೂ ಹೇಳಿದೆ. ನಿನ್ನ ಹೆಸರು ತೆಗೆಯಲಿಲ್ಲ.

ಬೈಯುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಯಾರೂ ಬೈಯಲಿಲ್ಲ. ಒಬ್ಬಳು ಎದ್ದು ಸೆರಗು ಕೊಡವಿಕೊಂಡು ಹೋದಳು. ಇನ್ನೊಬ್ಬಳು ಎದ್ದಳು. ಕೊನೆಗೆ ಹೊಲಿಗೆಯಾಕೆ, ಸೊಸೆ, ನಾನು ಉಳಿದೆವು. ಆ ಹುಡುಗಿ ಕೇಳಿದಳು, ನಿಷ್ಠುರದಿಂದಲ್ಲ, ದಾರಿ ಕೇಳುವವರ ಹಾಗೆ: “ಹಾಗಾದ್ರೆ ನಾನು ಈಗ ಎಲ್ಲಿಗೆ ಹೋಗ್ಲಿ ಅಕ್ಕಾ?”

“ನಮ್ಮ ಕಾರು ಬರುತ್ತೆ. ಯಾವಾಗ ಬೇಕಾದ್ರೂ ಹೇಳಿಕಳಿಸು, ನಾನೇ ಜೊತೆಗೆ ಬರ್ತೀನಿ” ಎಂದೆ.

ಹೊಲಿಗೆಯಾಕೆ ಸೊಸೆಯ ಕೈ ಹಿಡಿದು ಎಬ್ಬಿಸಿದಳು. “ಬೇಡಮ್ಮಾ. ನಾವು ಏನಾದ್ರೂ ಮಾಡ್ಕೋತೀವಿ.” ಮೊದಲೆಲ್ಲ ನನ್ನನ್ನು ‘ಏನೇ’ ಎಂದು ಕರೆಯುತ್ತಿದ್ದವಳು.

ಮನೆಗೆ ಬಂದೆ. ಅವರು ಬಾಗಿಲಲ್ಲೇ ನಿಂತಿದ್ದರು. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

“ಏನಂದ್ರು?”

“ಯಾರೂ ಏನೂ ಅನ್ನಲಿಲ್ಲ.”

“ಸದ್ಯ” ಎಂದರು, ಉಸಿರು ಬಿಟ್ಟು.

ಇಷ್ಟು ವರ್ಷ ಜೊತೆಗಿದ್ದ ಮನುಷ್ಯ. ಆ ಮುಖ ನೋಡಿ ನನಗೆ ಸಿಟ್ಟು ಬರಲಿಲ್ಲ. ಆ ‘ಸದ್ಯ’ ಎನ್ನುವ ಮಾತು ಮಾರ್ಚ್ ತಿಂಗಳಲ್ಲಿ, ಸಿಸ್ಟರ್ ಛತ್ರಿ ತೆಗೆದುಕೊಂಡು ಹೊರಟಾಗ, ನನ್ನ ಮನಸ್ಸಿನಲ್ಲೂ ಬಂದಿತ್ತು. ಅವರನ್ನು ದಾಟಿ ಒಳಗೆ ಹೋದೆ.

ಆ ಸೊಸೆ ಹುಡುಗಿಗೆ ಇದೇ ತಿಂಗಳು ದಿನ ತುಂಬುತ್ತದೆ. ದಿನಾ ಬೆಳಿಗ್ಗೆ ಅವರ ಮನೆಗೆ ಹೋಗುತ್ತೇನೆ. ಒಳಗೆ ಕರೆಯುವುದಿಲ್ಲ, ಹೋಗು ಎನ್ನುವುದೂ ಇಲ್ಲ. ಹೊರಗೆ ಕಟ್ಟೆಯ ಮೇಲೆ ಕೂರುತ್ತೇನೆ. ಒಳಗಿನಿಂದ ಯಂತ್ರದ ಸದ್ದು ಕೇಳುತ್ತಿರುತ್ತದೆ. ಸ್ವಲ್ಪ ಹೊತ್ತಿದ್ದು ಎದ್ದು ಬರುತ್ತೇನೆ. ನಿನ್ನೆ ಬಿಸಿಲು ಜೋರಾಗಿತ್ತು. ಯಂತ್ರ ನಿಂತಿತು, ಹೊಲಿಗೆಯಾಕೆ ಹೊರಗೆ ಬಂದು ಒಂದು ಲೋಟ ನೀರು ನನ್ನ ಪಕ್ಕದಲ್ಲಿಟ್ಟಳು. ನಾನು ಕುಡಿದೆ.

ಅಕ್ಕ